ಮುಂಗಾಲು ನಿಂತ ಮೇಲೆ ಚೆಂಡು ಹಾರಿತು

ಈ ಸೀಸನ್‌ನಲ್ಲಿ ನಮ್ಮ ಬೇಸ್‌ಬಾಲ್ ಲೀಗಿನಲ್ಲಿ 7 ಹೋಮ್ ರನ್ (ಬೇಲಿ ದಾಟುವ ಹೊಡೆತ) ಹೊಡೆದೆ. ಅದರ ಹಿಂದಿನ ಎರಡು ಸೀಸನ್ ಸೇರಿಸಿದರೆ ಸೊನ್ನೆ. ವಯಸ್ಸು 39, ತೂಕ 71 ಕೆಜಿ ಆಸುಪಾಸು. ಮೊದಲ ಎರಡು ಬೇಲಿ ದಾಟಿದಾಗ "ಗಾಳಿ ಪುಣ್ಯ ಕಟ್ಟಿಕೊಂಡಿತು" ಎಂದು ತಂಡದವರು ನಕ್ಕರು. ನಾಲ್ಕನೆಯದು ಎದುರುಗಾಳಿಯಲ್ಲಿ ಹೋಯಿತು. ಆಮೇಲೆ ಗಾಳಿಯ ಸುದ್ದಿ ಯಾರೂ ಎತ್ತಲಿಲ್ಲ.

ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇದೆ, ಸಹಿಸಿಕೊಳ್ಳಿ. ಚೆಂಡು ಇಟ್ಟು ಹೊಡೆಯುವ ಟೀ, ಬಲೆ, ಪಕ್ಕದಿಂದ ಮೆಲ್ಲಗೆ ಎಸೆಯುವ ಸಾಫ್ಟ್ ಟಾಸ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ವಿವರಿಸುವುದಿಲ್ಲ. ನಾಲ್ಕು ವರ್ಷ ಎಲ್ಲೆಲ್ಲಿ ಎಡವಿದೆ, ಎಷ್ಟು ದುಡ್ಡು ಕಳೆದೆ ಎನ್ನುವುದೇ ಇಲ್ಲಿ ಜಾಸ್ತಿ.

ಶುರುವಿನಲ್ಲಿ ನನಗೆ ಹೇಳಿಕೊಟ್ಟದ್ದು ಎಲ್ಲರಿಗೂ ಹೇಳಿಕೊಡುವುದನ್ನೇ. ಮೇಲಿಂದ ಕೆಳಕ್ಕೆ ಹೊಡಿ, ಬ್ಯಾಟಿನ ಹಿಡಿಯ ತುದಿಯನ್ನು ಚೆಂಡಿನ ಕಡೆ ಎಳೆ, ಹಿಂದಿನ ಪಾದದಲ್ಲಿ ಹುಳ ಹೊಸಕಿದ ಹಾಗೆ ತಿರುಗು. ಎರಡು ವರ್ಷ ಶ್ರದ್ಧೆಯಿಂದ ಮಾಡಿದೆ. ಫಲ ಏನು? ಶಾರ್ಟ್‌ಸ್ಟಾಪ್‌ಗೆ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಬಿಟ್ಟಿ ಫೀಲ್ಡಿಂಗ್ ಪ್ರಾಕ್ಟೀಸ್. ಚೆನ್ನಾಗಿ ತಾಗಿದ ಚೆಂಡೂ ಎರಡನೇ ಪುಟಿತಕ್ಕೆ ಅವನ ಕೈಯಲ್ಲಿರುತ್ತಿತ್ತು.

ಲೆಕ್ಕ ಕಷ್ಟದ್ದೇನಲ್ಲ. ಪಿಚ್ಚರ್, ಅಂದರೆ ಚೆಂಡೆಸೆಯುವವನು, ದಿಬ್ಬದ ಮೇಲಿಂದ ಎಸೆಯುತ್ತಾನೆ. ಫಾಸ್ಟ್ ಬಾಲ್ ನಮ್ಮ ಹತ್ತಿರ ಬರುವಾಗ ಸುಮಾರು 6 ಡಿಗ್ರಿ ಕೆಳಕ್ಕೆ ಇಳಿಯುತ್ತಿರುತ್ತದೆ, ಬಾಗಿ ಬರುವ ಕರ್ವ್ ಇನ್ನೂ ಜಾಸ್ತಿ, 10ರ ಹತ್ತಿರ. ಇಳಿಯುವ ಚೆಂಡಿಗೆ ಇಳಿಯುವ ಬ್ಯಾಟ್ ಅಡ್ಡ ಹಾಕಿದರೆ ಎರಡೂ ಸಂಧಿಸುವುದು ಒಂದೇ ಒಂದು ಚುಕ್ಕೆಯಲ್ಲಿ. ಬ್ಯಾಟ್ ಅಷ್ಟೇ ಡಿಗ್ರಿ ಮೇಲಕ್ಕೆ ಬಂದರೆ ಚೆಂಡಿನ ದಾರಿಯಲ್ಲೇ ತುಂಬ ಹೊತ್ತು ಇರುತ್ತದೆ. ಟೈಮಿಂಗ್ ಸ್ವಲ್ಪ ಆಚೆ ಈಚೆ ಆದರೂ ಏಟು ಸಿಗುತ್ತದೆ. ಟೆಡ್ ವಿಲಿಯಮ್ಸ್ ಇದನ್ನು ಯಾವ ಕಾಲದಲ್ಲೋ ಹೇಳಿದ್ದರು. 1941ರಲ್ಲಿ .406 ಸರಾಸರಿ (ಸುಮಾರು ಹತ್ತು ಸರದಿಗೆ ನಾಲ್ಕು ಹಿಟ್) ಹೊಡೆದ ಮನುಷ್ಯನ ಮಾತು ಬಿಟ್ಟು ನಾನು ಹುಳ ಹೊಸಕುತ್ತಾ ಕೂತಿದ್ದೆ.

ಮಜಾ ಏನೆಂದರೆ ದೊಡ್ಡ ದೊಡ್ಡ ಹೊಡೆತಗಾರರೇ "ನಾನು ಕೆಳಕ್ಕೆ ಹೊಡೆಯುತ್ತೇನೆ" ಎನ್ನುತ್ತಾರೆ. ಅವರದೇ ಆಟದ ಸ್ಲೋ ಮೋಷನ್ ಹಾಕಿ ನೋಡಿ, ಚೆಂಡು ತಾಗುವಾಗ ಬ್ಯಾಟ್ ಮೇಲಕ್ಕೇ ಬರುತ್ತಿರುತ್ತದೆ. ಸುಳ್ಳು ಹೇಳುತ್ತಿಲ್ಲ, ಅವರ ಮೈಗೆ ಹಾಗೆ ಅನಿಸುತ್ತದೆ. ಮೈಗೆ ಅನಿಸುವುದೇ ಬೇರೆ, ಆಗುವುದೇ ಬೇರೆ. ಇದು ನನಗೆ ಹೊಳೆಯಲು ಇನ್ನೆರಡು ಪೆಟ್ಟು ತಿನ್ನಬೇಕಾಯಿತು.

ಮೊದಲ ಪೆಟ್ಟು ಜಿಮ್. ಬಲ ಬೇಕೆಂದರೆ ಮೈ ಬೆಳೆಸಬೇಕು, ಭಾರದ ಬ್ಯಾಟ್ ಹಿಡಿಯಬೇಕು ಎಂದುಕೊಂಡೆ. ಹಳೆಯ ಕಾಲದ ಹೋಮ್ ರನ್ ದೊರೆ ಬೇಬ್ ರೂತ್ 40 ಔನ್ಸ್ ದಾಟಿದ ಬ್ಯಾಟ್ ಬೀಸುತ್ತಿದ್ದರಲ್ಲ! ನಾನು 34 ಔನ್ಸಿನ ಮೇಪಲ್ ಮರದ ಬ್ಯಾಟ್ ತಗೊಂಡೆ. ಒಂದು ತಿಂಗಳಲ್ಲಿ ಒಂದು ಮುರಿಯಿತು. ಇನ್ನೊಂದು ತಗೊಂಡೆ, ಅದೂ ಹಿಡಿಯ ಹತ್ತಿರ ಸೀಳಿತು. ತಪ್ಪು ಮರದ್ದಲ್ಲ, ಚೆಂಡು ಕೈ ಹತ್ತಿರ ತಾಗುತ್ತಿತ್ತು, ಅಂದರೆ ನಾನು ತಡವಾಗಿ ಬರುತ್ತಿದ್ದೆ. ಆ ಎರಡು ಬ್ಯಾಟಿನ ದುಡ್ಡಿಗೆ ಹಿಡಿಯ ತುದಿಗೆ ಸಿಕ್ಕಿಸಿ ಬ್ಯಾಟಿನ ವೇಗ ಅಳೆಯುವ ಸೆನ್ಸರ್ ಬಂದಿರುತ್ತಿತ್ತು. ಕೊನೆಗೆ ಅದನ್ನೂ ತಗೊಂಡೆ, ಬೇರೆ ಮಾತು. ಸೆನ್ಸರ್ ಹೇಳಿದ್ದು ಇಷ್ಟೆ: ಹಳೆಯ 31 ಔನ್ಸಿನ ಬ್ಯಾಟಿನಲ್ಲಿ ಗಂಟೆಗೆ 57 ಮೈಲಿ, ಭಾರದ ಬ್ಯಾಟಿನಲ್ಲಿ 53. ಆರು ತಿಂಗಳು ಭಾರ ಎತ್ತಿ 4 ಮೈಲಿ ಕಳೆದುಕೊಂಡಿದ್ದೆ.

ಆ 4 ಮೈಲಿ ಸಣ್ಣದಲ್ಲ. ಬ್ಯಾಟಿನ ವೇಗ 1 ಮೈಲಿ ಏರಿದರೆ ಚೆಂಡು ಹೊರಡುವ ವೇಗ ಸುಮಾರು 1.2 ಮೈಲಿ ಏರುತ್ತದೆ. ಪಿಚ್ 1 ಮೈಲಿ ಜಾಸ್ತಿ ವೇಗವಾಗಿ ಬಂದರೆ ಸಿಗುವುದು 0.2 ಅಷ್ಟೆ. "ವೇಗದ ಪಿಚ್ಚರ್ ಸಿಕ್ಕರೆ ಚೆಂಡು ತಾನೇ ಹಾರುತ್ತದೆ" ಎನ್ನುವವರಿಗೆ ಈ ಎರಡು ಅಂಕಿ ಸಾಕು. ಚೆಂಡು 1 ಮೈಲಿ ವೇಗವಾಗಿ ಹೊರಟರೆ ದೂರದಲ್ಲಿ ಹೆಚ್ಚುಕಮ್ಮಿ 5 ಅಡಿ ಸಿಗುತ್ತದೆ. ಬೇಲಿ ಹತ್ತಿರ ಕ್ಯಾಚ್ ಆಗುವವರಿಗೆ ಆ 5 ಅಡಿಯ ಬೆಲೆ ಗೊತ್ತು.

ಎರಡನೇ ಪೆಟ್ಟು ಲಾಂಚ್ ಆಂಗಲ್, ಅಂದರೆ ಚೆಂಡು ಬ್ಯಾಟಿನಿಂದ ಮೇಲೇರುವ ಕೋನ. 2015ರಲ್ಲಿ ಅಮೆರಿಕದ ಮೇಜರ್ ಲೀಗಿನ ಎಲ್ಲ ಮೈದಾನಗಳಿಗೆ ಚೆಂಡಿನ ಚಲನೆ ಅಳೆಯುವ ಸ್ಟ್ಯಾಟ್‌ಕಾಸ್ಟ್ ಬಂದ ಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು. ಜೆ.ಡಿ. ಮಾರ್ಟಿನೆಜ್ ಕಥೆ ನನಗೆ ಬಾಯಿಪಾಠವಾಗಿತ್ತು. 2014ರಲ್ಲಿ ಹ್ಯೂಸ್ಟನ್ ತಂಡ ಕೈಬಿಟ್ಟ ಆಟಗಾರ, ಸ್ವಿಂಗ್ ಬದಲಿಸಿಕೊಂಡು 2017ರಲ್ಲಿ 45 ಹೋಮ್ ರನ್. ಇನ್ನೇನು ಬೇಕು? ಅವರ ಬ್ಯಾಟ್ ಮೇಲಕ್ಕೆ ಹೋಗುವುದು ಕಂಡಿತು. ಯಾವುದರಿಂದ ಹೋಗುತ್ತದೆ ಎನ್ನುವುದು ಕಾಣಲಿಲ್ಲ. ಹಿಂದಿನ ಹೆಗಲು ಕೆಳಗಿಳಿಸಿ ಸೌಟಿನಲ್ಲಿ ಬಗ್ಗಡ ಎತ್ತಿದ ಹಾಗೆ ಬೀಸತೊಡಗಿದೆ. ಎದೆಯೆತ್ತರದ ಫಾಸ್ಟ್ ಬಾಲ್ ಒಂದೂ ತಾಗದು. ತಾಗಿದ್ದೆಲ್ಲ ನೆಟ್ಟಗೆ ಆಕಾಶಕ್ಕೆ. "ಗುರುವೇ, ಮೋಡಕ್ಕೇನು ಸಿಟ್ಟು ನಿಮ್ಮ ಮೇಲೆ?" ಎಂದು ನಮ್ಮ ಕ್ಯಾಚರ್ (ಹೊಡೆಯುವವನ ಹಿಂದೆ ಕೂತು ಚೆಂಡು ಹಿಡಿಯುವವ) ಕೇಳಿದ.

ಆಗ ಒಬ್ಬ ಕೋಚ್ ಹತ್ತಿರ ಹತ್ತು ತರಗತಿಗೆ ದುಡ್ಡು ಕಟ್ಟಿದೆ. ಹತ್ತಕ್ಕೂ ಮುಂಚಿತವಾಗಿ. ಇದೊಂದು ತಪ್ಪು ನೀವು ಮಾಡಬೇಡಿ. ಎರಡನೇ ತರಗತಿಗೇ ಅವರ ಮಾತು ಮುಗಿದಿತ್ತು: "ಸೊಂಟ! ಇನ್ನೂ ಜೋರಾಗಿ ಸೊಂಟ!" ತಿರುಗಿಸಿದೆ. ಸೊಂಟದ ಜೊತೆಗೇ ಹೆಗಲೂ ತಿರುಗಿತು. ಬ್ಯಾಟ್ ಮಾತ್ರ ಹಿಂದೆ ಎಳೆದುಕೊಂಡು ಬಂತು, ಮೊಣಕೈ ಕೈಗಿಂತ ಮುಂದೆ. ಏಳನೇ ತರಗತಿಯಲ್ಲಿ ಪಕ್ಕೆ ಹಿಡಿದುಕೊಂಡಿತು. ಮೂರು ವಾರ ಸೀನಲೂ ಹೆದರಿಕೆ. ಉಳಿದ ಮೂರು ತರಗತಿಯ ದುಡ್ಡು ವಾಪಸ್ ಬರಲಿಲ್ಲ.

ಆದರೆ ಆ ಮೂರು ವಾರವೇ ನನ್ನನ್ನು ಉಳಿಸಿದ್ದು. ಮಲಗಿಕೊಂಡು ವಿಡಿಯೊ ನೋಡುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಮೇಜರ್ ಲೀಗಿನ ಬ್ಯಾರಿ ಬಾಂಡ್ಸ್, ಮೈಕ್ ಟ್ರೌಟ್, ಹೋಸೆ ಅಲ್ಟೂವೆ. ಅಲ್ಟೂವೆ 5 ಅಡಿ 6 ಇಂಚು. ಆ ಮೈಕಟ್ಟಿನಲ್ಲಿ 2019ರಲ್ಲೂ 2021ರಲ್ಲೂ 31 ಹೋಮ್ ರನ್. ಇದು ತೋಳಿನ ಬಲ ಆಗಿರಲು ಸಾಧ್ಯವೇ ಇಲ್ಲ ಅಲ್ವಾ? ಕೈ, ಸೊಂಟ, ಬ್ಯಾಟ್ ಎಲ್ಲ ನೋಡಿ ಸುಸ್ತಾಗಿ, ಒಂದು ದಿನ ಸುಮ್ನೆ ಮಂಡಿ ನೋಡಿದೆ. ಮುಂದಿನ ಮಂಡಿ. ಚೆಂಡು ತಾಗುವ ಹೊತ್ತಿಗೆ ಎಲ್ಲರದೂ ಕೋಲಿನ ಹಾಗೆ ನೆಟ್ಟಗೆ. ಹಿಂದಿನ ಪಾದದಲ್ಲಿ ಭಾರವೇ ಇಲ್ಲ. ಬೆರಳ ತುದಿ ನೆಲ ಸವರುತ್ತಿರುತ್ತದೆ, ಕೆಲವು ಏಟಿನಲ್ಲಿ ನೆಲ ಬಿಟ್ಟೇ ಇರುತ್ತದೆ. ನನ್ನ ವಿಡಿಯೊ ಹಾಕಿದೆ. ಮುಂದಿನ ಮಂಡಿ ಮಡಚಿಕೊಂಡು ಮುಂದಕ್ಕೆ ಜಾರುತ್ತಿದೆ, ಹಿಂದಿನ ಪಾದ ಹುಳ ಹೊಸಕುತ್ತಿದೆ. ಹುಟ್ಟಿದ ಬಲ ಅರ್ಧ ಮಂಡಿಯಲ್ಲಿ ಸೋರಿತು, ಇನ್ನರ್ಧ ಹಿಂದೆಯೇ ಕೂತಿತು.

ಇಲ್ಲಿ ಹಳೆಯ ಜಗಳವೊಂದಿದೆ. ಟೆಡ್ ವಿಲಿಯಮ್ಸ್ ಕಡೆಯವರು ತಿರುಗುವುದರಲ್ಲಿ ಬಲ ಎನ್ನುತ್ತಾರೆ. ಬ್ಯಾಟಿಂಗ್ ಕೋಚ್ ಚಾರ್ಲಿ ಲೌ ಕಡೆಯವರು ಭಾರವನ್ನು ಹಿಂದಿನಿಂದ ಮುಂದಕ್ಕೆ ಸಾಗಿಸುವುದರಲ್ಲಿ ಎನ್ನುತ್ತಾರೆ. ಲೌ ಕೈಯಲ್ಲಿ ಪಳಗಿದ ಜಾರ್ಜ್ ಬ್ರೆಟ್ 1980ರಲ್ಲಿ .390 ಹೊಡೆದರು, ಹಾಗಾಗಿ ಆ ಕಡೆಯೂ ಬಡಪಾಯಿ ಅಲ್ಲ. ನನ್ನ ಪ್ರಕಾರ ಜಗಳ ಆಡುವವರು ಒಂದೇ ಸ್ವಿಂಗಿನ ಎರಡು ತುಂಡು ಹಿಡಿದು ಎಳೆದಾಡುತ್ತಿದ್ದಾರೆ. ಭಾರ ಮುಂದಕ್ಕೆ ಹೋಗಬೇಕು. ಮುಂಗಾಲಿಗೆ ಬಡಿದು ಗಕ್ಕನೆ ನಿಲ್ಲಬೇಕು. ನಿಂತದ್ದಕ್ಕೇ ಸೊಂಟ ತಿರುಗುತ್ತದೆ. ಓಡುವ ಗಾಡಿಗೆ ಬ್ರೇಕ್ ಹಾಕಿದರೆ ಒಳಗಿದ್ದವರು ಮುಗ್ಗರಿಸುತ್ತಾರಲ್ಲ, ಹಾಗೆ. ಸೊಂಟವನ್ನು ನಾವು ತಿರುಗಿಸಬೇಕಿಲ್ಲ.

ಇದನ್ನು ತಂಡದಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. "ಮುಂಗಾಲಿಗೆ ಭಾರ ಹಾಕಿದರೆ ನಿಧಾನದ ಚೆಂಡಿಗೆ ಮೂಗು ಮುಂದಾಗಿ ಬೀಳ್ತೀರಿ" ಎಂದರು. ಪೂರ್ತಿ ತಪ್ಪು ಮಾತೇನಲ್ಲ, ಆಮೇಲೆ ಬರುತ್ತೇನೆ.

ಮಾಡಿದ್ದು ಹೀಗೆ. ಆರು ವಾರ ಬರೀ ಟೀ. ದಿನಕ್ಕೆ 60 ಏಟು, ಅದಕ್ಕಿಂತ ಜಾಸ್ತಿ ಇಲ್ಲ. ಮೊದಲ ಎರಡು ವಾರ ಹೆಜ್ಜೆ ಇಟ್ಟು, ಹಿಮ್ಮಡಿ ಊರಿ, ಅಲ್ಲೇ ಒಂದು ಕ್ಷಣ ನಿಲ್ಲುತ್ತಿದ್ದೆ. ಆ ಕ್ಷಣದಲ್ಲಿ ಸೊಂಟ ತೆರೆಯತೊಡಗಿರಬೇಕು, ಎದೆ ಇನ್ನೂ ಪ್ಲೇಟಿನ (ಹೊಡೆಯುವ ಜಾಗದ ಬಿಳಿ ಹಲಗೆ) ಕಡೆಗೇ ಇರಬೇಕು. ಒದ್ದೆ ಬಟ್ಟೆ ಹಿಂಡುವಾಗ ಒಂದು ತುದಿ ಹಿಡಿದು ಇನ್ನೊಂದು ತುದಿ ತಿರುಚುತ್ತೇವಲ್ಲ, ಹೊಟ್ಟೆಯಲ್ಲಿ ಹಾಗೆ ಆಗಬೇಕು. ಆಗದಿದ್ದರೆ ಹೊಡೆಯದೆ ಮತ್ತೆ ಮೊದಲಿಂದ. ಮೂರನೇ ವಾರದಿಂದ ನಿಲ್ಲುವುದನ್ನು ಕಡಿಮೆ ಮಾಡುತ್ತಾ ಬಂದೆ. ಟೀಯನ್ನು ಮಾಮೂಲಿಗಿಂತ ಒಂದು ಗೇಣು ಮುಂದಿಟ್ಟೆ.

ಫೋನನ್ನು ಪಕ್ಕದಲ್ಲಿಟ್ಟು ಸೆಕೆಂಡಿಗೆ 240 ಫ್ರೇಮಿನಲ್ಲಿ ಹಿಡಿದೆ. ಒಂದೇ ಒಂದು ವಿಷಯ ಎಣಿಸಿದೆ: ಹಿಮ್ಮಡಿ ಊರುವುದು ಮೊದಲೋ, ಹೆಗಲು ತಿರುಗುವುದು ಮೊದಲೋ. ಶುರುವಿನಲ್ಲಿ ಹೆಗಲು 6 ಫ್ರೇಮ್ ಮೊದಲೇ ಹೊರಟುಬಿಡುತ್ತಿತ್ತು. ಅಂದರೆ ಸೆಕೆಂಡಿನ 40ನೇ ಒಂದು ಭಾಗ. ಸ್ವಿಂಗ್ ಇಡೀ ಮುಗಿಯುವುದೇ 0.15 ಸೆಕೆಂಡ್ ಸುಮಾರಿನಲ್ಲಿ, ಹಾಗಾಗಿ ಅದು ದೊಡ್ಡ ಕಳ್ಳತನ. ನಾಲ್ಕನೇ ವಾರಕ್ಕೆ ಎರಡೂ ಸಮ ಆಯಿತು. ಆರನೇ ವಾರಕ್ಕೆ ಹೆಗಲು ಹಿಂದೆ ಬಿತ್ತು. ಸೆನ್ಸರ್ 62 ತೋರಿಸಿತು. ಮೂರು ತಿಂಗಳ ನಂತರ 65, ಒಳ್ಳೆಯ ದಿನ 66. ಟೀ ಮೇಲಿಂದ ಚೆಂಡು ಹೊರಡುವ ವೇಗ 68ರಿಂದ 78ರ ಹತ್ತಿರಕ್ಕೆ ಬಂತು. ಬ್ಯಾಟ್ ಅದೇ ಹಳೆಯ 31 ಔನ್ಸ್.

ಮೇಜರ್ ಲೀಗಿನಲ್ಲಿ ಬ್ಯಾಟಿನ ಸರಾಸರಿ ವೇಗ 71–72 ಮೈಲಿ, ಜಿಯಾನ್‌ಕಾರ್ಲೊ ಸ್ಟ್ಯಾಂಟನ್ 80 ದಾಟುತ್ತಾರೆ. ಅವರದು ಕ್ಯಾಮೆರಾ ಅಳತೆ, ನನ್ನದು ಹಿಡಿಗೆ ಸಿಕ್ಕಿಸಿದ ಡಬ್ಬಿ. ಎರಡನ್ನೂ ಪಕ್ಕ ಪಕ್ಕ ಇಡಬಾರದು. ಅಲ್ಲಿ ಲೂಯಿಸ್ ಅರಾಯೆಜ್ 62–63 ಮೈಲಿಯಲ್ಲೇ ಬೀಸುತ್ತಾರೆ, 2022ರಿಂದ 2024ರವರೆಗೆ ಸತತ ಮೂರು ಬ್ಯಾಟಿಂಗ್ ಟೈಟಲ್ (ಲೀಗಿನ ಅತಿ ಹೆಚ್ಚು ಸರಾಸರಿಯ ಪಟ್ಟ) ಅವರದೇ. ವೇಗವೇ ಎಲ್ಲ ಅಲ್ಲ. ನನಗೆ ಮಾತ್ರ ಬೇಲಿ ಬೇಕಿತ್ತು.

ನಡುವೆ ತಲೆಹರಟೆ ಪ್ರಯೋಗಗಳೂ ನಡೆದವು. ಬ್ಯಾಟಿಗೆ ಹಾಕುವ ಭಾರದ ಬಳೆ, ಡೋನಟ್ ಎನ್ನುತ್ತಾರಲ್ಲ, ಅದನ್ನು ಹಾಕಿ ಹತ್ತು ಸಲ ಬೀಸಿ, ತೆಗೆದು ಅಳೆದೆ. ಬ್ಯಾಟ್ ಹೂವಿನಷ್ಟು ಹಗುರ ಅನಿಸಿತು. ಸೆನ್ಸರಿನಲ್ಲಿ ಮಾತ್ರ 2 ಮೈಲಿ ಕಮ್ಮಿ. ಮೂರು ದಿನ ಮಾಡಿದೆ, ಮೂರು ದಿನವೂ ಅದೇ. ಆಟದ ದಿನ ಅದನ್ನು ಮುಟ್ಟುವುದಿಲ್ಲ. ಬದಲಿಗೆ ಹಗುರದ ಬ್ಯಾಟ್ ಐದು ಸಲ, ನನ್ನ ಬ್ಯಾಟ್ ಐದು ಸಲ ಬೀಸಿ ಹೋಗುತ್ತೇನೆ.

ಸದಾಹರು ಓ ಕಥೆ ಕೇಳಿ ಇನ್ನೊಂದು ಮಾಡಿದೆ. ಜಪಾನಿನಲ್ಲಿ 868 ಹೋಮ್ ರನ್ ಹೊಡೆದವರು, ಮುಂಗಾಲನ್ನು ಕೊಕ್ಕರೆಯ ಹಾಗೆ ಎತ್ತಿ ನಿಲ್ಲುತ್ತಿದ್ದರು. ತೂಗುಹಾಕಿದ ಕಾಗದವನ್ನು ಕತ್ತಿಯಿಂದ ಕತ್ತರಿಸಿ ಅಭ್ಯಾಸ ಮಾಡಿದವರು. ಕತ್ತಿ ನನ್ನ ಹತ್ತಿರ ಇಲ್ಲ, ಇದ್ದರೂ ಮನೆಯಲ್ಲಿ ಬಿಡುವುದಿಲ್ಲ. ದಾರದಲ್ಲಿ ಹಳೆಯ ಪೇಪರ್ ಹಾಳೆ ಕಟ್ಟಿ ತೆಳ್ಳನೆ ಕೋಲಿನಿಂದ ಬೀಸಿದೆ. ಹರಿಯುವುದಿರಲಿ, ಕೋಲಿನ ಗಾಳಿಗೇ ಹಾಳೆ ಪಕ್ಕಕ್ಕೆ ಸರಿಯಿತು. ಕಾಲು ಎತ್ತುವುದು ಮಾತ್ರ ಕೈಹಿಡಿಯಿತು. ಪೂರ್ತಿ ಎತ್ತಿದರೆ ಬೀಳುತ್ತೇನೆ, ಅರ್ಧ ಎತ್ತುತ್ತೇನೆ. ಹಿಮ್ಮಡಿ ಗಟ್ಟಿಯಾಗಿ ಊರಲು ಅದೇ ಸಾಕಾಯಿತು.

ಎರಡು ವಿಷಯ ಹೇಳುವುದಿಲ್ಲ. ಕೆಳಗಿನ ಕೈ ಹಿಡಿತದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ, ಕೊನೆಯ 2 ಮೈಲಿ ಅದರದ್ದು. ಇನ್ನೊಂದು, ಹಿಮ್ಮಡಿ ಯಾವಾಗ ಊರಬೇಕೆಂದು ಪಿಚ್ಚರ್ ಮೈಯಲ್ಲಿ ಒಂದು ಜಾಗ ನೋಡುತ್ತೇನೆ. ಅದನ್ನು ಬರೆದರೆ ನಮ್ಮ ಲೀಗಿನ ಪಿಚ್ಚರ್‌ಗಳೂ ಓದುತ್ತಾರೆ.

ಖರ್ಚಿನ ಲೆಕ್ಕ: ಮುರಿದ ಬ್ಯಾಟ್, ಜಿಮ್, ತರಗತಿ, ಸೆನ್ಸರ್ ಎಲ್ಲ ಸೇರಿ ಎಂಟು ಒಳ್ಳೆಯ ಬ್ಯಾಟಿನ ದುಡ್ಡು. ಕೊನೆಗೆ ಕೆಲಸಕ್ಕೆ ಬಂದದ್ದು ಮೊದಲೇ ಮನೆಯಲ್ಲಿದ್ದ ಟೀ, ತೂತು ಬಿದ್ದ ಬಲೆ, ಜೇಬಿನಲ್ಲಿದ್ದ ಫೋನು. ಸೆನ್ಸರಿಲ್ಲದೆಯೂ ನಡೆಯುತ್ತಿತ್ತು. ಆದರೆ ಅಂಕಿ ತೋರಿಸದೆ ನಮ್ಮ ಕ್ಯಾಚರ್ ನಂಬುತ್ತಿರಲಿಲ್ಲ.

ಇನ್ನು ತಂಡದವರು ಎಚ್ಚರಿಸಿದ್ದ ನಿಧಾನದ ಚೆಂಡಿನ ವಿಷಯ. ಚೇಂಜಪ್ ಎನ್ನುವ ಆ ನಿಧಾನದ ಚೆಂಡಿಗೆ ಈಗಲೂ ಬೀಳುತ್ತೇನೆ, ಆಟಕ್ಕೆ ಒಂದು ಸಲವಾದರೂ. ಹಿಮ್ಮಡಿ ಊರಿ ಆಗಿರುತ್ತದೆ, ಚೆಂಡು ಇನ್ನೂ ದಾರಿಯಲ್ಲಿ. ಹೆಗಲು ತಡೆದು ಹಿಡಿದರೆ ಲೆಫ್ಟ್ ಫೀಲ್ಡ್ ಕಡೆ ಒಂದು ಸಿಂಗಲ್ ಸಿಗುತ್ತದೆ. ತಡೆಯಲಾಗದಿದ್ದರೆ ಬ್ಯಾಟ್ ಗಾಳಿ ಬೀಸುತ್ತದೆ, ಕ್ಯಾಚರ್‌ಗಳು ನಗುತ್ತಾರೆ. ಮೊನ್ನೆ ನಮ್ಮ ಕ್ಯಾಚರ್ ಮಾತ್ರ ನಗಲಿಲ್ಲ. ಆಟ ಮುಗಿದ ಮೇಲೆ ಹತ್ತಿರ ಬಂದು, ತನ್ನ ಫೋನು ಕೈಗಿಟ್ಟು, "ಗುರುವೇ, ನನ್ನ ಮುಂದಿನ ಮಂಡಿ ಸ್ವಲ್ಪ ನೋಡಿ" ಎಂದ. ನೋಡಿದೆ. ಹೆಗಲು 9 ಫ್ರೇಮ್ ಮೊದಲು.