ಹೋಮ್‌ಸ್ಟೇ ಬೋರ್ಡು ಬರೆಯುತ್ತಾ ಕಲಿತ ಇಂಗ್ಲಿಷ್

ಮೂಡಿಗೆರೆ ಕಡೆ ಹೋಮ್‌ಸ್ಟೇ ನಡೆಸುವವರಿಗೆ ಬೇಕಾದ ಇಂಗ್ಲಿಷ್ ಜಾಸ್ತಿ ಏನಿಲ್ಲ. ಮಾತಾಡುವಾಗ ಹೇಗೋ ಸಾಗುತ್ತದೆ. ಕೈ ತೋರಿಸಿ, ಅರ್ಧ ಹಿಂದಿ ಸೇರಿಸಿ, ನಕ್ಕು ಮುಗಿಸಬಹುದು. ಬರೆಯುವಾಗಲೇ ಕಷ್ಟ. ವಾಟ್ಸಾಪಿನಲ್ಲಿ ಉತ್ತರ, ರೂಮಿನ ಬಾಗಿಲಿಗೆ ಅಂಟಿಸುವ ನಿಯಮ, ಗೇಟಿನ ಬೋರ್ಡು. ನಾನು ಓದಿದ್ದು ಕನ್ನಡ ಮೀಡಿಯಂ. ಮೊದಲು ಇದನ್ನೆಲ್ಲ ಬೇರೆಯವರ ಕೈಲಿ ಬರೆಸುತ್ತಿದ್ದೆ, ಈಗ ನಾನೇ ಬರೆಯುತ್ತೇನೆ. ಹೇಗೆ ಕಲಿತೆ ಅಂತ ಅಕ್ಕಪಕ್ಕದ ಎಸ್ಟೇಟಿನವರು ಕೇಳುತ್ತಿರುತ್ತಾರೆ.

ಬರೆಯಬೇಕಾದ್ದನ್ನೆಲ್ಲ ಒಂದು ಕಡೆ ಇಟ್ಟು ನೋಡಿದರೆ ಮುಕ್ಕಾಲು ಪಾಲು ವಾಕ್ಯಗಳ ಅಚ್ಚು ಒಂದೇ. ಒಂದು ನಾಮಪದ. ಅದು ಯಾವುದು, ಯಾರು ಅಂತ ಗುರುತು ಹೇಳುವ ಒಂದು ತುಂಡು. ಕೊನೆಗೆ ಬೇಕು, ಬಹುದು, ಕೂಡದು. 'ರಾತ್ರಿ ಒಂಬತ್ತರ ಮೇಲೆ ಬರುವ ಗೆಸ್ಟುಗಳು ಮೊದಲೇ ಫೋನ್ ಮಾಡಬೇಕು.' ಇದರಲ್ಲಿ 'ಗೆಸ್ಟುಗಳು' ನೌನ್. 'ಒಂಬತ್ತರ ಮೇಲೆ ಬರುವ' ಅನ್ನುವುದು ಇಂಗ್ಲಿಷಿಗೆ ಹೋದಾಗ ರಿಲೇಟಿವ್ ಕ್ಲಾಝ್ ಆಗುತ್ತದೆ. 'ಬೇಕು' ಅನ್ನುವ ಕೆಲಸಕ್ಕೆ ಅಲ್ಲಿ ಮೋಡಲ್ ವರ್ಬ್ ಇದೆ, ಅಂದರೆ 'ಮಸ್ಟ್', 'ಕ್ಯಾನ್' ತರದ ಪದ.

ನಾನು ಈಗಲೂ ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಆಮೇಲೆ ನಾಮಪದಕ್ಕೆ ಒಂದು ಗೆರೆ ಎಳೆಯುತ್ತೇನೆ. ಅದಕ್ಕಿಂತ ಮೊದಲು ಇದ್ದ ತುಂಡನ್ನು ಕಿತ್ತು ಅದು ಆದ ಮೇಲೆ ಹಾಕುತ್ತೇನೆ. ಮನುಷ್ಯರಾದರೆ 'ಹೂ', ವಸ್ತುವಾದರೆ 'ದಟ್' ಅಥವಾ 'ವಿಚ್' ಮಧ್ಯೆ ಬರುತ್ತದೆ. ಕೊನೆಗೆ 'ಮಾಡಬೇಕು' ಅನ್ನುವುದರಿಂದ 'ಬೇಕು' ಬಿಡಿಸಿ ಕ್ರಿಯಾಪದಕ್ಕಿಂತ ಮೊದಲು ತಂದು ಕೂರಿಸುತ್ತೇನೆ. 'ಗೆಸ್ಟ್ಸ್ ಹೂ ಅರೈವ್ ಆಫ್ಟರ್ ನೈನ್ ಮಸ್ಟ್ ಕಾಲ್ ಅಸ್ ಫಸ್ಟ್.' ನಮ್ಮಲ್ಲಿ ಗುರುತು ಮೊದಲು, ಆಳು ಆಮೇಲೆ. ಅವರಲ್ಲಿ ಆಳನ್ನು ಮೊದಲು ಕರೆದು ನಿಲ್ಲಿಸಿ, ಆಮೇಲೆ ಗುರುತು ಹೇಳುತ್ತಾರೆ.

ಮೋಡಲ್ ಬಂದ ಮೇಲೆ ಕ್ರಿಯಾಪದಕ್ಕೆ ಏನೂ ಅಂಟಿಸಬಾರದು. 'ಮಸ್ಟ್ ಕಾಲ್ಸ್' ಇಲ್ಲ, 'ಮಸ್ಟ್ ಟು ಕಾಲ್' ಇಲ್ಲ. ಅವನು, ಅವಳು, ಅವರು, ಯಾರಿದ್ದರೂ 'ಮಸ್ಟ್ ಕಾಲ್' ಅಷ್ಟೇ. ಇದೊಂದು ನೆಮ್ಮದಿ.

ಕೊಂಡಿಯ ಪದ, ಅಂದರೆ ಮಧ್ಯೆ ಬರುವ ಆ 'ಹೂ', 'ದಟ್', 'ವಿಚ್', ಬಿಡುವ ವಿಷಯಕ್ಕೆ ಬರೋಣ. 'ದ ಕೀ ವಿ ಗೇವ್ ಯು' ಅಂದರೆ ಸರಿ, 'ದಟ್' ಇಲ್ಲದಿದ್ದರೂ ನಡೆಯುತ್ತದೆ. ಆದರೆ 'ಕೊಟ್ಟಿಗೆಹಾರಕ್ಕೆ ಹೋಗುವ ಬಸ್ಸು ಎಂಟಕ್ಕೆ ಬರುತ್ತದೆ' ಅನ್ನುವುದನ್ನು ನಮ್ಮ ರಿಸೆಪ್ಷನ್ ಹುಡುಗ 'ದ ಬಸ್ ಗೋಸ್ ಟು ಕೊಟ್ಟಿಗೆಹಾರ ಕಮ್ಸ್ ಅಟ್ ಏಟ್' ಅಂತ ಬರೆದಿದ್ದ. ಓದುವವರು 'ಗೋಸ್' ಹತ್ತಿರ ವಾಕ್ಯ ಮುಗಿಯಿತು ಅಂದುಕೊಳ್ಳುತ್ತಾರೆ, ಆಮೇಲೆ 'ಕಮ್ಸ್' ನೋಡಿ ಕಂಗಾಲು. ಆ ತುಂಡಿನಲ್ಲಿ ಕೆಲಸ ಮಾಡುವುದು ಬಸ್ಸೇ ಆದರೆ 'ದಟ್' ಇರಲೇಬೇಕು. ಕೆಲಸ ಮಾಡುವವರು ಬೇರೆ ಇದ್ದರೆ, ಅಂದರೆ 'ವಿ ಗೇವ್' ಅನ್ನುವ ತರ, ಬಿಡಬಹುದು.

ಇದರಿಂದ ಒಂದು ಅನುಕೂಲವೂ ಇದೆ. 'ಹಾವು ಕೊಂದ ನಾಯಿ' ಅಂತ ತೋಟದ ಆಳು ಬಂದು ಹೇಳಿದರೆ ನಾಯಿ ಬದುಕಿದೆಯೋ ಸತ್ತಿದೆಯೋ ಅಂತ ಮತ್ತೆ ಕೇಳಬೇಕು, ಅಲ್ವಾ? 'ದ ಡಾಗ್ ದಟ್ ಕಿಲ್ಡ್ ದ ಸ್ನೇಕ್' ಅಂದರೆ ನಾಯಿ ಗೆದ್ದಿತು. 'ದ ಡಾಗ್ ದಟ್ ದ ಸ್ನೇಕ್ ಕಿಲ್ಡ್' ಅಂದರೆ ಗುಂಡಿ ತೋಡಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಇನ್ನೊಂದು. 'ನೀವು ಉಳಿಯುವ ರೂಮು', 'ನಾವು ಹೋದ ಜೀಪು', 'ಅವರು ಊಟ ಮಾಡಿದ ತಟ್ಟೆ'. ಉಳಿಯುವುದು ರೂಮಿನಲ್ಲಿ, ಹೋದದ್ದು ಜೀಪಿನಲ್ಲಿ, ಊಟ ತಟ್ಟೆಯಲ್ಲಿ. ಆ 'ಅಲ್ಲಿ'ಯನ್ನು ಕನ್ನಡ ಸದ್ದಿಲ್ಲದೆ ನುಂಗಿಬಿಡುತ್ತದೆ. ನಮಗೆ ಅರ್ಥವಾಗುವುದರಿಂದ ಅದು ಹೋಗಿದ್ದೇ ಗೊತ್ತಾಗುವುದಿಲ್ಲ. ಇಂಗ್ಲಿಷ್ ನುಂಗಲು ಬಿಡುವುದಿಲ್ಲ. 'ದ ರೂಮ್ ಯು ವಿಲ್ ಸ್ಟೇ ಇನ್', 'ದ ಜೀಪ್ ವಿ ವೆಂಟ್ ಇನ್'. ಕೊನೆಯಲ್ಲಿ ಒಂಟಿಯಾಗಿ ನಿಂತ ಆ 'ಇನ್' ನೋಡಿದರೆ ಏನೋ ಬರೆಯುವುದು ಬಾಕಿ ಇದೆ ಅನ್ನಿಸುತ್ತದೆ. ಬಾಕಿ ಇಲ್ಲ, ಅದು ಅಲ್ಲೇ ಇರಬೇಕು. ನಾನು ಮಾಡುವ ಉಪಾಯ ಇಷ್ಟೇ: ಆ ತುಂಡನ್ನು ಬೇರೆ ವಾಕ್ಯ ಮಾಡಿ ಬರೆಯುತ್ತೇನೆ. 'ನೀವು ರೂಮಿನಲ್ಲಿ ಉಳಿಯುತ್ತೀರಿ.' ಈಗ 'ಅಲ್ಲಿ' ಕಣ್ಣಿಗೆ ಬಿತ್ತು. ಅದನ್ನು 'ಇನ್' ಮಾಡಿ ಕೊನೆಗೆ ಇಡುತ್ತೇನೆ. ಜಾಗದ ಮಾತಾದರೆ 'ವೇರ್' ಹಾಕಿ ತಪ್ಪಿಸಿಕೊಳ್ಳಲೂಬಹುದು: 'ದ ಸ್ಟಾಪ್ ವೇರ್ ಯು ಶುಡ್ ಗೆಟ್ ಆಫ್', ನೀವು ಇಳಿಯಬೇಕಾದ ಸ್ಟಾಪು.

ಆ 'ಇಳಿಯಬೇಕಾದ' ಸುಮ್ನೆ ಬಂದದ್ದಲ್ಲ. ಬೇಕಾದ, ಬಹುದಾದ, ಬಾರದ ಅಂತ ನಾವು ಮೋಡಲನ್ನೂ ಗುರುತಿನ ತುಂಡಿನೊಳಗೆ ಸೇರಿಸಿಬಿಡುತ್ತೇವೆ. ಗೆಸ್ಟುಗಳು ದಿನಾ ಕೇಳುವುದೇ ಇದನ್ನು. ನೋಡಬೇಕಾದ ಜಾಗ ಯಾವುದು? 'ಪ್ಲೇಸಸ್ ಯು ಶುಡ್ ಸೀ'. ಮಕ್ಕಳು ಇಳಿಯಬಹುದಾದ ಹಳ್ಳ ಇದೆಯಾ? 'ಅ ಸ್ಟ್ರೀಮ್ ಚಿಲ್ಡ್ರನ್ ಕ್ಯಾನ್ ಪ್ಲೇ ಇನ್'. ಮತ್ತೆ ಅದೇ 'ಇನ್', ನೋಡಿ.

ಮೋಡಲ್‌ಗಳಲ್ಲಿ ಬೇಕು-ಬೇಡದ ಕಡೆ ಕನ್ನಡದವರಿಗೆ ಸುಲಭವಾಗಬೇಕಿತ್ತು. 'ಕೊಡಬೇಕಿಲ್ಲ' ಬೇರೆ, 'ಕೊಡಕೂಡದು' ಬೇರೆ ಅಂತ ನಮಗೆ ಚೆನ್ನಾಗಿ ಗೊತ್ತು. ಆದರೂ ಅದೇ ಹುಡುಗ ಒಂದು ದಿನ ಬೋರ್ಡಿನಲ್ಲಿ 'ಗೆಸ್ಟ್ಸ್ ಹೂ ಸ್ಟೇ ಹಿಯರ್ ಮಸ್ಟ್ ನಾಟ್ ಪೇ ಫಾರ್ ಬ್ರೇಕ್‌ಫಾಸ್ಟ್' ಅಂತ ಬರೆದ.

'ಅಕ್ಕಾ, ತಿಂಡಿ ಫ್ರೀ ಅಂತ ತಾನೆ?'

'ಫ್ರೀ ಸರಿ ಕಣೋ. ದುಡ್ಡು ಕೊಟ್ಟರೆ ಒದೆ ಬೀಳುತ್ತೆ ಅಂತ ಬರೆದಿದ್ದೀಯ.'

'ಬೇಕಿಲ್ಲ' ಅಂದರೆ 'ನೀಡ್ ನಾಟ್' ಅಥವಾ 'ಡೋಂಟ್ ಹ್ಯಾವ್ ಟು'. 'ಮಸ್ಟ್ ನಾಟ್' ಅಂದರೆ ಕೂಡದು.

'ಬಹುದು' ಮಾತ್ರ ನಿಜವಾಗಿ ಸತಾಯಿಸುತ್ತದೆ. 'ಇಲ್ಲಿ ಗಾಡಿ ನಿಲ್ಲಿಸಬಹುದು' ಅಂದರೆ ಅನುಮತಿ, 'ಮಧ್ಯಾಹ್ನ ಮಳೆ ಬರಬಹುದು' ಅಂದರೆ ಊಹೆ. ಅನುಮತಿಗೆ 'ಕ್ಯಾನ್' ಸಾಕು, ಸ್ವಲ್ಪ ಬಿಗಿಯಾಗಿ ಬೇಕಾದರೆ 'ಮೇ'. ನಾಳೆ ನಾಡಿದ್ದಿನ ಊಹೆಗೆ 'ಕ್ಯಾನ್' ಹಾಕುವ ಹಾಗಿಲ್ಲ, 'ಇಟ್ ಮೈಟ್ ರೇನ್' ಅನ್ನಬೇಕು. ನಮ್ಮ ಕಡೆ ಆನೆ ಓಡಾಡುವ ದಾರಿಗಳಿವೆ. 'ಎಲಿಫೆಂಟ್ಸ್ ಮೇ ಯೂಸ್ ದಿಸ್ ರೋಡ್' ಅಂತ ಬೋರ್ಡು ಹಾಕಿದರೆ ಆನೆಗೆ ಪರ್ಮಿಷನ್ ಕೊಟ್ಟ ಹಾಗೂ ಕೇಳುತ್ತದೆ. ನಾನು ಹಾಕಿಸಿದ್ದು 'ದೇರ್ ಮೈಟ್ ಬಿ ಎಲಿಫೆಂಟ್ಸ್ ಆನ್ ದಿಸ್ ರೋಡ್' ಅಂತ.

ಇನ್ನು ಮರ್ಯಾದೆ. 'ಬನ್ನಿ', 'ಕೂತ್ಕೊಳ್ಳಿ' ಅನ್ನುವುದರಲ್ಲಿ ಕ್ರಿಯಾಪದದ ಕೊನೆಯಲ್ಲೇ ಗೌರವ ಇದೆ. ಇಂಗ್ಲಿಷಿನ 'ಕಮ್' ಬೋಳು. ಆದ್ದರಿಂದ ಅವರು ಮೋಡಲ್ ಹಿಡಿಯುತ್ತಾರೆ: 'ಕುಡ್ ಯು', 'ವುಡ್ ಯು'. ನನ್ನ ಲೆಕ್ಕದಲ್ಲಿ 'ಮಸ್ಟ್' ಅನ್ನುವುದು ಆನೆ, ಬೆಂಕಿ, ಹಳ್ಳದ ನೀರು, ಇಂಥವಕ್ಕೆ ಮೀಸಲು. ಚಪ್ಪಲಿ ಹೊರಗೆ ಬಿಡಿ ಅನ್ನುವುದಕ್ಕೆಲ್ಲ 'ಮಸ್ಟ್' ಹಾಕಿದರೆ ಪೊಲೀಸ್ ಠಾಣೆಯ ಬೋರ್ಡು ಆಗುತ್ತದೆ. 'ಪ್ಲೀಸ್' ಸಾಕು.

ಕಾಮಾ ಬಗ್ಗೆ ಹೇಳದೆ ಬಿಡುವಂತಿಲ್ಲ, ಅದು ದುಡ್ಡಿನ ವಿಷಯ. 'ದ ರೂಮ್ಸ್ ದಟ್ ಫೇಸ್ ದ ವ್ಯಾಲಿ ಹ್ಯಾವ್ ಗೀಸರ್ಸ್' ಅಂದರೆ ಕಣಿವೆ ಕಡೆಯ ರೂಮುಗಳಿಗೆ ಮಾತ್ರ ಗೀಸರ್. ಅದನ್ನೇ 'ದ ರೂಮ್ಸ್, ವಿಚ್ ಫೇಸ್ ದ ವ್ಯಾಲಿ, ಹ್ಯಾವ್ ಗೀಸರ್ಸ್' ಅಂತ ಎರಡು ಕಾಮಾ ಹಾಕಿ ಬರೆದರೆ ಎಲ್ಲ ರೂಮೂ ಕಣಿವೆ ಕಡೆಗೆ, ಎಲ್ಲದಕ್ಕೂ ಗೀಸರ್. ಹಿಂದಿನ ರೂಮು ಸಿಕ್ಕವರು ಸ್ಕ್ರೀನ್‌ಶಾಟ್ ತೋರಿಸುತ್ತಾರೆ. ಹೆಸರಿರುವ ಜಾಗವಾದರೆ ಕಾಮಾ ಬೇಕೇ ಬೇಕು, ಯಾಕೆಂದರೆ ಅದು ಯಾವುದು ಅಂತ ಹೆಸರೇ ಹೇಳಿಬಿಟ್ಟಿದೆ. 'ಮುಳ್ಳಯ್ಯನಗಿರಿ, ವಿಚ್ ಈಸ್ ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ, ಕ್ಯಾನ್ ಬಿ ಕ್ರೌಡೆಡ್ ಆನ್ ಸಂಡೇಸ್.' ಬೇಲೂರಿಗೂ ಹಾಗೇ. ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆಯಾದದ್ದು 1117ರಲ್ಲಿ, ಯುನೆಸ್ಕೋ ಪಟ್ಟಿಗೆ ಸೇರಿದ್ದು 2023ರಲ್ಲಿ. ಇವೆರಡನ್ನೂ ಕಾಮಾಗಳ ನಡುವೆ ಹಾಕುತ್ತೇನೆ. ಅಲ್ಲಿ 'ದಟ್' ಬರುವುದಿಲ್ಲ, 'ವಿಚ್' ಮಾತ್ರ.

ಒಂದು ವಾಕ್ಯದಲ್ಲಿ ಇಂಥ ಎರಡು ತುಂಡು ಬಂದರೆ ನಾನು ವಾಕ್ಯವನ್ನೇ ಒಡೆಯುತ್ತೇನೆ. ಕನ್ನಡದಲ್ಲಿ 'ನಿನ್ನೆ ಬಂದ ಗೆಸ್ಟು ಬಿಟ್ಟು ಹೋದ ಚಾರ್ಜರ್ ತಗೊಂಡು ಹೋಗಬಹುದಾದ ಡ್ರೈವರ್' ಅಂತ ಒಂದೇ ಉಸಿರಲ್ಲಿ ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ನಾನು ಅದನ್ನು ಎರಡು ಮೆಸೇಜ್ ಮಾಡಿ ಕಳಿಸುತ್ತೇನೆ: ಚಾರ್ಜರ್ ಸಿಕ್ಕಿದೆ ಅಂತ ಒಂದು, ಡ್ರೈವರ್ ತರಬಹುದು ಅಂತ ಇನ್ನೊಂದು.