‘ನಾಳೆ ರಜೆ ಉಂಟಾ?’ ಎನ್ನುವ ರಾತ್ರಿಯೂ ಬೀಳದ ಸೈಟ್

ಜುಲೈ ತಿಂಗಳು, ರಾತ್ರಿ ಎಂಟೂವರೆ. ಹೊರಗೆ ಮಂಗಳೂರಿನ ಮಳೆ. ನಾಳೆ ಶಾಲೆಗೆ ರಜೆ ಉಂಟೋ ಇಲ್ಲವೋ ಎಂದು ನೋಡಲು ಊರಿನ ಅಪ್ಪ ಅಮ್ಮಂದಿರೆಲ್ಲ ಒಟ್ಟಿಗೇ ಮೊಬೈಲ್ ತೆಗೆಯುತ್ತಾರೆ. ಮಕ್ಕಳಂತೂ ಬಿಡಿ, ನಿಮಿಷಕ್ಕೊಂದು ರಿಫ್ರೆಶ್. ನಾನು ನೋಡಿಕೊಳ್ಳುವುದು ಇಲ್ಲಿನ ಒಂದು ಸುದ್ದಿ ಸೈಟ್. ಸೈಟ್ ಕಟ್ಟಿ ನಡೆಸುವ ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರ್‌ನಲ್ಲಿದೆ, ಲಕ್ಷಕ್ಕಿಂತ ಜಾಸ್ತಿ ಸುದ್ದಿಗಳಿವೆ. ನಮಗೆ ವರ್ಷದ ದೊಡ್ಡ ಪರೀಕ್ಷೆ ಚುನಾವಣೆ ಅಲ್ಲ, ಈ ಮಳೆ ರಜೆ.

ಮೊದಲು ಕ್ಯಾಶ್, ಅಂದರೆ ಒಮ್ಮೆ ಕಟ್ಟಿದ ಪುಟವನ್ನು ಎತ್ತಿಟ್ಟು ಎಲ್ಲರಿಗೂ ಕೊಡುವ ವ್ಯವಸ್ಥೆ, ಸರಿ ಮಾಡಿಕೊಳ್ಳಿ. ಸುಮ್ನೆ ಓದಿ ಹೋಗುವವರಿಗಾಗಿ ಪುಟ ಕಟ್ಟುವ ಪಿಎಚ್‌ಪಿ, ಸುದ್ದಿ ಇಟ್ಟಿರುವ ಡೇಟಾಬೇಸ್ ಮೈಎಸ್‌ಕ್ಯುಎಲ್ ಎದ್ದು ಓಡಬಾರದು. ಓದುಗರಿಗೆ ಪುಟ ಕಳಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲಿ ಇಡೀ ಪುಟವನ್ನೇ ಕ್ಯಾಶ್ ಮಾಡಿ. ಮುಖಪುಟಕ್ಕೆ 30 ಸೆಕೆಂಡ್ ಇಟ್ಟರೂ ಸಾಕು. ಸೆಕೆಂಡಿಗೆ 200 ಜನ ಬಂದರೆ 6,000 ಜನರಿಗೆ ಒಂದು ಸಲ ಪುಟ ಕಟ್ಟಿದರಾಯಿತು. ಜೊತೆಗೆ, ಒಂದೇ ಪುಟವನ್ನು ಹಲವರಿಗಾಗಿ ಒಟ್ಟಿಗೇ ಕಟ್ಟದಂತೆ ತಡೆಯುವ ಕ್ಯಾಶ್ ಲಾಕ್ ಆನ್ ಮಾಡಿ. ಹೊಸ ಪುಟ ತಯಾರಾಗುವ ತನಕ ಉಳಿದವರಿಗೆ ಹಳೆಯದನ್ನೇ ಬಡಿಸಲು ಯೂಸ್ ಸ್ಟೇಲ್ ಕೂಡ ಹಾಕಿ.

ರಜೆ ಸುದ್ದಿ ಹಾಕಿದ ಕೂಡಲೇ ಸಂಪಾದಕರ ಫೋನ್ ಬರುತ್ತದೆ. “ಎಂತ ಮಾರಾಯ, ನನಗೆ ಹಳೆಯದೇ ಕಾಣ್ತಾ ಉಂಟು. ಎಲ್ಲ ಕ್ಲಿಯರ್ ಮಾಡು.” ಮಾಡಬೇಡಿ. ಇಡೀ ಕ್ಯಾಶ್ ಖಾಲಿಯಾದರೆ ಅಷ್ಟೂ ಜನ ನೇರ ಪಿಎಚ್‌ಪಿ ಮೇಲೆ ಬೀಳುತ್ತಾರೆ. ಆ ಸುದ್ದಿ, ಮುಖಪುಟ, ಅದರ ವಿಭಾಗ, ಈ ಮೂರು ಪುಟಗಳನ್ನು ಮಾತ್ರ ಅಳಿಸಿ.

ಇನ್ನು ಡಿಪ್ಲಾಯ್, ಅಂದರೆ ಹೊಸ ಕೋಡನ್ನು ಸೈಟಿಗೆ ಹಾಕುವ ಕೆಲಸ. ಕೋಡ್ ಘಟ್ಟ ಹತ್ತಬೇಕು, ಡೇಟಾ ಘಟ್ಟ ಇಳಿಯಬೇಕು. ಲ್ಯಾಪ್‌ಟಾಪಿನಿಂದ ಸ್ಟೇಜಿಂಗ್ ಎಂಬ ಪ್ರಯೋಗದ ಸೈಟಿಗೆ, ಅಲ್ಲಿಂದ ಲೈವ್‌ಗೆ, ಅಂದರೆ ಜನ ನೋಡುವ ಸೈಟಿಗೆ ಹೋಗುವುದು ಕೋಡ್ ಮಾತ್ರ. ಸುದ್ದಿ, ಚಿತ್ರ, ಡೇಟಾಬೇಸ್ ಲೈವ್‌ನಿಂದ ಕೆಳಗೆ ಬರಬಹುದೇ ಹೊರತು ಮೇಲೆ ಹೋಗುವ ಹಾಗಿಲ್ಲ. ಮೊದಲ ವರ್ಷ ನಾನು ಇದನ್ನು ತಿರುಗಾಮುರುಗಾ ಮಾಡಿದ್ದೆ. ಬೆಳಗ್ಗೆ ಇಳಿಸಿಕೊಂಡ ಡೇಟಾಬೇಸನ್ನು ಸಂಜೆ ಹೊಸ ಥೀಮಿನ ಜೊತೆ ಲೈವ್‌ಗೆ ಏರಿಸಿಬಿಟ್ಟೆ. ಆ ದಿನದ ಸುದ್ದಿಯೆಲ್ಲ ಮಾಯ. ಅದರಲ್ಲಿ ನಾಲ್ಕು ನಿಧನ ವಾರ್ತೆ ಬೇರೆ. ನಮ್ಮ ಊರಿನಲ್ಲಿ ಏನು ಹೋದರೂ ನಡೆಯುತ್ತದೆ, ನಿಧನ ವಾರ್ತೆ ಹೋದರೆ ಮನೆಯವರು ಬಿಡುತ್ತಾರಾ? ಕೊನೆಗೆ ಎಂಜಿನ್‌ಎಕ್ಸ್‌ನ ಕ್ಯಾಶ್ ಫೋಲ್ಡರಿನಲ್ಲಿ ಉಳಿದಿದ್ದ ಪುಟಗಳನ್ನು ಹುಡುಕಿ ತೆಗೆದು, ಒಂದೊಂದೇ ಮತ್ತೆ ಹಾಕಿದೆ. ಮನೆಗೆ ಹೋಗುವಾಗ ಬೆಳಗಾಗಿತ್ತು.

ಡೇಟಾ ಸ್ಟೇಜಿಂಗ್‌ಗೆ ಇಳಿಸಿದ ಮೇಲೆ ಸೈಟಿನ ವಿಳಾಸ ಬದಲಿಸಬೇಕಲ್ವಾ? ಅದನ್ನು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ನೇರ ಮಾಡಬೇಡಿ. ವರ್ಡ್‌ಪ್ರೆಸ್ ಕೆಲವು ಸೆಟ್ಟಿಂಗ್‌ಗಳನ್ನು ಅಕ್ಷರಗಳ ಅಳತೆಯ ಸಮೇತ ಬರೆದಿಡುತ್ತದೆ. ವಿಳಾಸದ ಉದ್ದ ಬದಲಾದರೆ ಆ ಅಳತೆ ತಪ್ಪಿ ಸೆಟ್ಟಿಂಗ್ ಕೆಡುತ್ತದೆ. ವರ್ಡ್‌ಪ್ರೆಸ್‌ಗೆ ಟೈಪ್ ಮಾಡಿ ಆಜ್ಞೆ ಕೊಡುವ ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಇದನ್ನು ಸರಿಯಾಗಿ ನೋಡಿಕೊಳ್ಳುತ್ತದೆ. ಸ್ಟೇಜಿಂಗ್‌ನಿಂದ ಮೇಲ್, ನೋಟಿಫಿಕೇಶನ್ ಹೋಗದ ಹಾಗೆ ಕೂಡಲೇ ಬಂದ್ ಮಾಡಿ.

ಪ್ರತಿ ಡಿಪ್ಲಾಯ್‌ಗೂ ತಾರೀಕಿನ ಹೆಸರಿನ ಹೊಸ ಫೋಲ್ಡರ್ ಮಾಡಿ. ಚಿತ್ರಗಳಿರುವ ಅಪ್‌ಲೋಡ್ಸ್ ಮತ್ತು ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್ ಅದರ ಹೊರಗಿರಲಿ. ‘ಕರೆಂಟ್’ ಎಂಬ ಸಿಮ್‌ಲಿಂಕ್ (ಬೇರೆ ಫೋಲ್ಡರನ್ನು ತೋರಿಸುವ ಕೊಂಡಿ) ಹೊಸ ಫೋಲ್ಡರಿಗೆ ತಿರುಗಿದರೆ ಡಿಪ್ಲಾಯ್ ಮುಗಿಯಿತು, ತಪ್ಪಿದರೆ ಹಳೆಯದಕ್ಕೆ ತಿರುಗಿಸಿ. ನಮ್ಮಲ್ಲಿ ಮಳೆಗಾಲದಲ್ಲಿ ಹೋದರೂ ಎರಡು ಸೆಕೆಂಡಿನಲ್ಲಿ ವಾಪಸ್ ಬರುವ ಕರೆಂಟ್ ಇದೊಂದೇ. ಆಮೇಲೆ ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ರೀಲೋಡ್ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಕೋಡನ್ನು ನೆನಪಿಟ್ಟುಕೊಳ್ಳುವ ಆಪ್‌ಕ್ಯಾಶ್ ಹಳೇ ಕೋಡನ್ನೇ ಓಡಿಸುತ್ತಾ ಕೂತಿರುತ್ತದೆ.

ಲೈವ್‌ನಲ್ಲಿ ಯಾರೂ ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ಕೋಡ್) ಹಾಕದ ಹಾಗೆ ‘ಡಿಸ್‌ಅಲೌ ಫೈಲ್ ಮಾಡ್ಸ್’ ಸೆಟ್ಟಿಂಗ್ ಆನ್ ಇಡಿ. ಇದಕ್ಕೊಂದು ಬೆಲೆ ಉಂಟು. ವರ್ಡ್‌ಪ್ರೆಸ್ ತಾನಾಗಿಯೇ ಹಾಕಿಕೊಳ್ಳುವ ಸುರಕ್ಷತಾ ಅಪ್‌ಡೇಟ್‌ಗಳೂ ಇದರಿಂದ ನಿಲ್ಲುತ್ತವೆ. ಇನ್ನು ಅದು ನಿಮ್ಮ ತಲೆಯ ಮೇಲೆ. ನಾನು ಮಂಗಳವಾರ ಸ್ಟೇಜಿಂಗ್‌ನಲ್ಲಿ ನೋಡಿ ಬುಧವಾರ ಬೆಳಗ್ಗೆ ಲೈವ್‌ಗೆ ಹಾಕುತ್ತೇನೆ. ಗಂಭೀರ ತೂತು ಸಿಕ್ಕಿದೆ ಎಂದು ಗೊತ್ತಾದರೆ ಮಾತ್ರ ವಾರ ನೋಡುವುದಿಲ್ಲ.

ದಿನಭವಿಷ್ಯ ಬೆಳಗ್ಗೆ ಐದಕ್ಕೆ ಬರಬೇಕಿತ್ತು, ಬರಲಿಲ್ಲ, ‘ಮಿಸ್ಡ್ ಶೆಡ್ಯೂಲ್’ ಅಂತ ತೋರಿಸುತ್ತಿದೆ. ಇದಕ್ಕೆ ಕಾರಣ ನಾವೇ ಹಾಕಿದ ಕ್ಯಾಶ್. ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ವರ್ಡ್‌ಪ್ರೆಸ್‌ನ ಕ್ರಾನ್ ಯಾರಾದರೂ ಪುಟ ತೆರೆದಾಗ ಎದ್ದೇಳುವಂಥದ್ದು. ಎಲ್ಲ ಪುಟವೂ ಕ್ಯಾಶ್‌ನಿಂದಲೇ ಹೋದರೆ ಅದನ್ನು ಎಬ್ಬಿಸುವವರಿಲ್ಲ. ಪುಟ ತೆರೆದಾಗ ಏಳುವ ಆ ಕ್ರಮವನ್ನು ಬಂದ್ ಮಾಡಿ, ವರ್ಡ್‌ಪ್ರೆಸ್‌ನ ಕ್ರಾನನ್ನು ಸರ್ವರಿನ ಲಿನಕ್ಸ್‌ನ ಕ್ರಾನ್‌ನಿಂದ ನಿಮಿಷಕ್ಕೊಮ್ಮೆ ಓಡಿಸಿ.

ಕನ್ನಡ ಸೈಟಿಗೇ ಸೇರಿದ ಒಂದು ತಲೆನೋವು ಸ್ಲಗ್, ಅಂದರೆ ತಲೆಬರಹದಿಂದ ಆಗುವ ವಿಳಾಸದ ಭಾಗ. ಸುದ್ದಿಯ ವಿಳಾಸಕ್ಕೆ ಡೇಟಾಬೇಸಿನಲ್ಲಿ ಇರುವುದು 200 ಅಕ್ಷರದ ಜಾಗ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ) ಎಲ್ಲವೂ ವಿಳಾಸದಲ್ಲಿ ಒಂಬತ್ತೊಂಬತ್ತು ಅಕ್ಷರವಾಗುತ್ತವೆ. ‘ದಕ್ಷಿಣ ಕನ್ನಡ ಜಿಲ್ಲೆಯಲ್ಲಿ’ ಎನ್ನುವಷ್ಟರಲ್ಲಿ ಇಂಥವು 22 ಆಯಿತು, ಅಂದರೆ 198, ಪದಗಳ ನಡುವಿನ ಗೆರೆ ಎರಡು, ಒಟ್ಟು ಸರಿಯಾಗಿ 200. ಮುಂದಿನದೆಲ್ಲ ಕತ್ತರಿ! ಹಾಗೆ ಶುರುವಾಗುವ ಸುದ್ದಿಗೆಲ್ಲ ಒಂದೇ ವಿಳಾಸ, ಕೊನೆಯಲ್ಲಿ 2, 3, 4 ಅಂತ ಬಾಲ. ಸ್ಲಗ್ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿಸಿ, ಇಲ್ಲವೇ ವಿಳಾಸದಲ್ಲಿ ಸುದ್ದಿಯ ನಂಬರ್ ಇಡಿ. ಹಳೆಯ ವಿಳಾಸಗಳನ್ನು ಬದಲಿಸಿದರೆ ಹಳೆಯದರಿಂದ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಲೇಬೇಕು.

ಬ್ಯಾಕಪ್ ಪ್ರತಿ ರಾತ್ರಿ ಆಗಲಿ, ಬೇರೆ ಊರಿನಲ್ಲಿರುವ ಸರ್ವರ್‌ಗೂ ಒಂದು ಪ್ರತಿ ಹೋಗಲಿ. ಡೇಟಾಬೇಸಿನ ಪ್ರತಿ ತೆಗೆಯುವ ಮೈಎಸ್‌ಕ್ಯುಎಲ್‌ಡಂಪ್‌ಗೆ ‘ಸಿಂಗಲ್ ಟ್ರಾನ್ಸಾಕ್ಷನ್’ ಕೊಟ್ಟರೆ ಡೇಟಾಬೇಸಿನ ಇನ್ನೋಡಿಬಿ ಬಗೆಯ ಟೇಬಲ್‌ಗಳಿಗೆ ಬೀಗ ಬೀಳುವುದಿಲ್ಲ, ವರದಿಗಾರರ ಕೆಲಸ ನಿಲ್ಲುವುದಿಲ್ಲ. ತಿಂಗಳಿಗೊಮ್ಮೆ ಆ ಬ್ಯಾಕಪ್ಪಿನಿಂದಲೇ ಖಾಲಿ ಸರ್ವರಿನಲ್ಲಿ ಸೈಟ್ ಎಬ್ಬಿಸಿ ನೋಡಿ. ಮನೆಯಲ್ಲಿ ಅಮ್ಮ ಸಂಕ್ರಮಣ ತಪ್ಪಿಸುವುದಿಲ್ಲ, ಹಾಗಾಗಿ ನಾನೂ ಅದೇ ದಿನ ಇಟ್ಟುಕೊಂಡಿದ್ದೇನೆ. ಎಷ್ಟು ನಿಮಿಷ ಹಿಡಿಯಿತು ಎಂದು ಪುಸ್ತಕದಲ್ಲಿ ಬರೆಯುತ್ತೇನೆ. ಕಳೆದ ಸಂಕ್ರಮಣಕ್ಕೆ 47 ನಿಮಿಷ. ಸೈಟ್ ಬಿದ್ದ ರಾತ್ರಿ ಸಂಪಾದಕರು “ಎಷ್ಟೊತ್ತು ಮಾರಾಯ?” ಎಂದು ಕೇಳಿದರೆ ಹೇಳಲಿಕ್ಕೆ ಒಂದು ಲೆಕ್ಕ ಉಂಟು.