ಬೈಕ್ ಸೀಟಿನ ಓರೆ ತಿದ್ದಿದ ನನ್ನ ಅನುಭವ

ಹೊರಗಿನಿಂದ ಕೊಂಡು ಹಾಕಿಸಿದ ಸೀಟನ್ನು, ಫೋಮ್ ಮುಟ್ಟದೆ ಅದರ ಓರೆಯನ್ನಷ್ಟೇ ತಿದ್ದಿ ಹದಕ್ಕೆ ತರಬಹುದೆಂದು ನಾನು ಹೇಳಿದಾಗ ಶಿವಮೊಗ್ಗದ ಕುಶನ್ ಕೆಲಸದವರಾಗಲಿ, ಜೊತೆಗೆ ಬೈಕ್ ಓಡಿಸುವ ಗೆಳೆಯರಾಗಲಿ ನಂಬಿರಲಿಲ್ಲ. ಈಗ ಅದರ ಮೇಲೆ ಒಂದು ಮಳೆಗಾಲ ಕಳೆದಿದೆ. ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿಯ 14 ತಿರುವುಗಳನ್ನಿಳಿದು ಉಡುಪಿ ಸೇರಿದರೂ ನಾನು ಟ್ಯಾಂಕಿನ ಕಡೆ ಜಾರುವುದಿಲ್ಲ.

ಸೀಟಿಗೆ ಸುಮಾರು ₹4,500 ತೆತ್ತಿದ್ದೆ. ಅದರ ಮೇಲೆ ಕೂತು ದೂರ ಓಡಿಸಿದರೆ ಬರುತ್ತಿದ್ದ ನೋವಿಗೆ ಎಲ್ಲರೂ ಹೇಳಿದ ಮದ್ದು ಮೆತ್ತನೆಯದೇ. ₹1,800ರ ಆಸುಪಾಸಿನ ಜೆಲ್ ಪ್ಯಾಡ್ ಮೊದಲ ಅರ್ಧ ಗಂಟೆ ಹಿತವಾಗಿತ್ತು, ಬಿಸಿಲಲ್ಲಿ ನಿಲ್ಲಿಸಿ ಬಂದರೆ ಕೂರಲಾಗದಷ್ಟು ಕಾದಿರುತ್ತಿತ್ತು. ಆಮೇಲೆ ₹900 ಕೊಟ್ಟು ಒಂದು ಇಂಚಿನ ಮೃದು ಫೋಮ್ ಸೇರಿಸಿ ಹೊಸ ರೆಕ್ಸಿನ್ ಹೊಲಿಸಿದರೆ, ಅದು ಭಾರಕ್ಕೆ ಪೂರ್ತಿ ಕುಸಿದು ಮೂಳೆಗೆ ತಳದ ಪ್ಲಾಸ್ಟಿಕ್ಕೇ ತಾಗತೊಡಗಿತು. ಹೊಲಿಗೆಯಿಂದ ಒಳಗಿಳಿದ ಆಷಾಢದ ಮಳೆನೀರು ಹಲವು ದಿನವಾದರೂ ಆರಲಿಲ್ಲ. ಆ ಪದರವನ್ನು ಕಿತ್ತೆಸೆದೆ.

ಬೈಕನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಗಾರೆಯವರ ಮಟ್ಟಗೋಲು ಇಟ್ಟು ನೋಡಿದಾಗ ಸೀಟು ಮುಂದಕ್ಕೆ ಇಳಿಜಾರಾಗಿದ್ದುದು ಸ್ಪಷ್ಟವಾಯಿತು. ಘಾಟಿಯ ಇಳುಕಲೂ ಬ್ರೇಕಿನ ಒತ್ತಡವೂ ಅದಕ್ಕೆ ಸೇರಿದರೆ ದೇಹದ ಭಾರವೆಲ್ಲ ಅಂಗೈಗೂ ತೊಡೆಸಂದಿಗೂ ಬರುತ್ತದೆ. ಸೀಟಿನ ಮುಂಭಾಗವನ್ನು ಬೈಕಿನ ಚೌಕಟ್ಟಿನ ಪಟ್ಟಿಯಡಿ ಸಿಕ್ಕಿಸಿ ಹಿಡಿಯುವ ನಾಲಿಗೆಯ ಬೋಲ್ಟ್ ಬಿಚ್ಚಿ, ನಾಲಿಗೆಗೂ ಸೀಟಿನ ತಳಕ್ಕೂ ನಡುವೆ 8 ಮಿ.ಮೀ.ನಷ್ಟು ನೈಲಾನ್ ವಾಷರ್ ಪೇರಿಸಿ, ಉದ್ದದ ಬೋಲ್ಟನ್ನು ತಾನಾಗಿ ಸಡಿಲವಾಗದ ನೈಲಾಕ್ ನಟ್ಟಿನಿಂದ ಬಿಗಿದೆ. ಸೀಟಿನ ತಳಕ್ಕೆ ಆಸರೆಯಾದ ಹಿಂದಿನ ರಬ್ಬರ್ ಬುಷ್‌ಗಳನ್ನು 4 ಮಿ.ಮೀ. ತೇಯ್ದೆ. ಮುಂದಿನ ರಬ್ಬರ್‌ಗಳನ್ನೂ ವಾಷರ್ ಪೇರಿಸಿದಷ್ಟೇ ಎತ್ತರಿಸಬೇಕೆಂಬುದನ್ನು ಮರೆಯಬಾರದು, ಇಲ್ಲವಾದರೆ ಭಾರವೆಲ್ಲ ನಾಲಿಗೆಯ ಮೇಲೆ ಬಿದ್ದು ತಳ ಸೀಳುತ್ತದೆ. ಅದಕ್ಕೆ ಲಾರಿಯ ಹಳೆಯ ಮಡ್‌ಫ್ಲ್ಯಾಪಿನ ತುಂಡು ಸಾಕಾಯಿತು. ಮುಂದಿನ ಮತ್ತು ಹಿಂದಿನ ಆಸರೆಗಳ ನಡುವಿನ ಅಂತರ ಸುಮಾರು 40 ಸೆಂ.ಮೀ. ಇರುವುದರಿಂದ ಒಟ್ಟು ಬದಲಾವಣೆ ಎರಡು ಡಿಗ್ರಿಗೂ ಕಡಿಮೆ. ಗೆಳೆಯರು ನಕ್ಕದ್ದು ಈ ಲೆಕ್ಕಕ್ಕೇ. ಖರ್ಚು ₹150 ದಾಟಿರಲಾರದು.

ಈ ನಡುವೆ, ಭಾರ ಎಲ್ಲಿ ಬೀಳುತ್ತದೆಂದು ತಿಳಿಯಲು ತೋಟದಿಂದ ತಂದ ಅಡಿಕೆ ಹಾಳೆಯನ್ನು ನೆನೆಸಿ ಸೀಟಿನ ಮೇಲೆ ಹಾಸಿ, ಅದರ ಮೇಲೆ ಬಹಳ ಹೊತ್ತು ಕುಳಿತೆ. ಒಣಗಿದ ಮೇಲೆ ಎರಡು ಮೂಳೆಗಳ ಅಚ್ಚು ಮಸುಕಾಗಿ ಮೂಡಿತ್ತಾದರೂ, ಬಲಗಡೆಯದು ತುಸು ಮುಂದಿದ್ದುದಕ್ಕೆ ಕಾರಣ ಸೀಟೋ ನಾನು ಕೂರುವ ಭಂಗಿಯೋ ಎಂದು ಇನ್ನೂ ನಿರ್ಧರಿಸಿಲ್ಲ. ಮನೆಯವರಿಗೆ ಮಾತ್ರ ಅದೊಂದು ತಮಾಷೆಯಾಯಿತು.

ಹೊಲಿಗೆಯಿಂದ ನೀರಿಳಿಯುವುದನ್ನೂ ನಿಲ್ಲಿಸಿದ್ದೇನೆ. ರೆಕ್ಸಿನ್ನಿನಡಿ ದಪ್ಪ ಪಾಲಿಥೀನ್ ಹಾಳೆ ಹಾಸಿದ್ದು ಅದರ ಅರ್ಧ ಭಾಗ. ಉಳಿದರ್ಧ, ಹೊಲಿಗೆಯ ಮೇಲೆ ಏನು ಸವರಿದೆನೆಂಬುದು, ಸದ್ಯಕ್ಕೆ ನನ್ನಲ್ಲೇ ಇರಲಿ.

ಮುಂಭಾಗವನ್ನು 15 ಮಿ.ಮೀ.ವರೆಗೆ ಎತ್ತಿಯೂ ನೋಡಿದ್ದೇನೆ. ಆಗಲೂ ಜಾರುತ್ತಿರಲಿಲ್ಲ, ಆದರೆ ಸಾಗರ ಪಟ್ಟಣ ತಲುಪುವಷ್ಟರಲ್ಲಿ ತೊಡೆಸಂದಿ ಜೋಮು ಹಿಡಿದಿತ್ತು. ಮಾಡುವವರು 5 ಮಿ.ಮೀ.ನಿಂದ ಆರಂಭಿಸಿ ಒಂದೊಂದೇ ವಾಷರ್ ಸೇರಿಸುತ್ತ ಹೋಗಲಿ, ಮತ್ತು ಪ್ರತಿ ಸಲವೂ ನಾಲಿಗೆ ಪಟ್ಟಿಯಡಿ ಪೂರ್ತಿ ಸಿಕ್ಕಿದೆಯೇ ಎಂದು ಸೀಟನ್ನು ಮೇಲಕ್ಕೆಳೆದು ನೋಡಿಕೊಂಡೇ ಹೊರಡಲಿ.